ಆಪಾ ಆರಿಸಿದ ತೋಟಾ

ಮೊದಲ ಸಲ ಅವರು ಆ ಮಾತು ಹೇಳಿದಾಗ ನನಗೆ ಅರ್ಥವಾದದ್ದೇ ಬೇರೆ. ಅಮೆರಿಕದ ಬಾಥೆಲ್‌ ಊರಿನ ನಾರ್ತ್ ಕ್ರೀಕ್‌ನಲ್ಲಿ ನಮ್ಮ ಆಫೀಸು. ಮಧ್ಯಾಹ್ನ ಊಟದ ಮೇಜಿನಲ್ಲಿ ನನ್ನೆದುರು ಕೂತು ಡಬ್ಬಿಯ ಮುಚ್ಚಳ ಬಿಚ್ಚುತ್ತಾ, "ಒಂದ್ ತೋಟಾ ಆರಿಸ್ಬೇಕು ಕಣಮ್ಮ. ಚಳಿಗಾಲದಿಂದ ನೋಡ್ತಾನೇ ಇದೀನಿ, ತೀರ್ಮಾನಕ್ಕೆ ಬರಕ್ಕೇ ಆಗ್ತಿಲ್ಲ" ಅಂದರು. ಅವರ ಮನೆ ಸ್ನೊಕ್ವಾಲ್ಮಿಯಲ್ಲಿ. ಮನೆಯ ಹಿಂದೆ ಒಂದಿಷ್ಟು ಜಾಗ ಕೊಳ್ಳುತ್ತಿದ್ದಾರೆ ಎಂದುಕೊಂಡ ನಾನು, ಅಲ್ಲಿ ಜಿಂಕೆ ಕಾಟ ಜಾಸ್ತಿ, ಮೊದಲು ಎತ್ತರದ ಬೇಲಿ ಹಾಕಿಸಿ ಎಂದು ಬುದ್ಧಿ ಹೇಳಿದೆ. ಅವರು ಚಮಚ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹೇಳಿದ್ದು ತೋಟವಲ್ಲ, ತೋಟಾ. ಕೋವಿಗೆ ಹಾಕುವ ತೋಟಾ. ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ಮೂತಿಯಲ್ಲಿ ಗುಂಡು.

ಆಫೀಸಿನ ಕನ್ನಡದವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಮೈಸೂರಿನವರು. ಅವರ ತಾತ ಅಲ್ಲಿ ಕೋವಿ ರಿಪೇರಿ ಮಾಡುತ್ತಿದ್ದರಂತೆ. ಜೀವಮಾನವಿಡೀ ಬೇರೆಯವರ ಕೋವಿಗೆ ಎಣ್ಣೆ ಹಾಕಿದ ಆ ಮನುಷ್ಯ ಒಂದು ಗುಬ್ಬಚ್ಚಿಯನ್ನೂ ಹೊಡೆದಿರಲಿಲ್ಲ. ತೋಟಾ ಎಂಬ ಪದ ಮೊಮ್ಮಗಳಿಗೆ ಬಂದದ್ದು ಅವರಿಂದ.

ನಮ್ಮ ಕಂಪನಿ ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಮಾಡುತ್ತದೆ. ಆಪಾ ಅವುಗಳ ಪರೀಕ್ಷೆಯ ವಿಭಾಗದಲ್ಲಿ ಹಿರಿಯರು. ನಾನು ಅವರ ಕೈಕೆಳಗೆ ಪ್ರೋಗ್ರಾಮ್ ಬರೆಯುವವಳು. ಯಾವುದೇ ಅಂಕಿ ಓದುವ ಮೊದಲು ಕನ್ನಡಕ ತೆಗೆದು ದುಪಟ್ಟಾದ ತುದಿಯಲ್ಲಿ ಒರೆಸುವುದು ಅವರ ಅಭ್ಯಾಸ. ಒರೆಸಿ, ಓದಿ, ಮತ್ತೆ ತೆಗೆದು ಒರೆಸುತ್ತಿದ್ದರು. ನಾವು ಯಾರಾದರೂ ಎಲ್ಲ ಸರಿ ಇದೆ ಎಂದು ಹೋದರೆ ತಲೆಯೆತ್ತದೆ "ಇನ್ನೊಂದ್ ಸಲ ನೋಡು" ಅನ್ನುತ್ತಿದ್ದರು. ಅದರಲ್ಲಿ ಗದರಿಕೆ ಇರುತ್ತಿರಲಿಲ್ಲ. ಅನ್ನ ಇನ್ನೊಂದು ಸೌಟು ಹಾಕಿಕೋ ಎನ್ನುವ ಧಾಟಿ. ತೆಲುಗಿನ ಹುಡುಗರೂ ಅಮೆರಿಕನ್ನರೂ ಆ ಮೂರು ಪದಗಳನ್ನು ಕನ್ನಡದಲ್ಲೇ ಕಲಿತಿದ್ದರು.

ನಾನು ಉಡುಪಿ ಕಡೆಯವಳು, ಮಾಂಸ ತಿನ್ನುವವಳಲ್ಲ. ಆಪಾ ನನಗೆಂದೇ ಒಂದು ಚಿಕ್ಕ ಡಬ್ಬಿ ಇಟ್ಟಿದ್ದರು. ಅದಕ್ಕೆ ಬೇರೆ ಚಮಚ, ತೊಳೆಯಲು ಬೇರೆ ಸ್ಪಂಜು. ಇಷ್ಟೆಲ್ಲ ಬೇಡ ಆಪಾ ಎಂದರೆ, ನಿಮ್ಮಮ್ಮ ಒಂದು ದಿನ ಫೋನಿನಲ್ಲಿ ಕೇಳಿದರೆ ನಾನು ಸುಳ್ಳು ಹೇಳುವಂತಾಗಬಾರದಲ್ಲ ಅನ್ನುತ್ತಿದ್ದರು. ಅಮ್ಮ ಒಮ್ಮೆಯೂ ಕೇಳಲಿಲ್ಲ.

ಇಂಥವರಿಗೆ ಕೋವಿಯ ಸಹವಾಸ ಬಂದದ್ದು ಕುರಿಗಳಿಂದ. ಬೆಟ್ಟದ ಘಾಟಿ ದಾಟಿದರೆ ಆಚೆ ಮಳೆ ಕಡಿಮೆ, ಹುಲ್ಲಿನ ಗುಡ್ಡಗಳು, ಯಾವಾಗಲೂ ಗಾಳಿ. ಅಲ್ಲೊಬ್ಬ ಮುದುಕ ಕುರಿ ಸಾಕುತ್ತಿದ್ದ. ಬಕ್ರೀದಿಗೆ ಆಪಾ ಮತ್ತು ನಾಲ್ಕಾರು ಮನೆಯವರು ಅವನ ಹತ್ತಿರ ಕುರಿ ಕೊಳ್ಳುತ್ತಿದ್ದರು. ಮರಿ ಹಾಕುವ ಕಾಲಕ್ಕೆ ಒಮ್ಮೆ ಹೋದಾಗ, ಅರ್ಧ ತಿಂದು ಬಿಟ್ಟ ಮರಿಯ ಪಕ್ಕ ನಿಂತು ತಾಯಿಕುರಿ ಕೂಗುತ್ತಿತ್ತಂತೆ. ಕಾಯೋಟಿಗಳ ಕೆಲಸ. ನರಿಗಿಂತ ದೊಡ್ಡದಾದ, ತೋಳಕ್ಕಿಂತ ಚಿಕ್ಕದಾದ ಈ ಪ್ರಾಣಿ ಘಾಟಿಯ ಈಚೆ, ಬಾಥೆಲ್ ಕಡೆ ಬೀದಿಯಲ್ಲೇ ಓಡಾಡುತ್ತದೆ, ಬೆಕ್ಕು ಹಿಡಿಯುತ್ತದೆ. ಅಲ್ಲಿ ಕುರಿಮರಿ. ಮುದುಕನ ಕೈ ನಡುಗತೊಡಗಿತ್ತು, ಕೋವಿ ಹಿಡಿಯಲಾರ. ಆಪಾ ಮನೆಗೆ ಬಂದ ಎರಡು ದಿನಕ್ಕೆ, ನಾನು ಕಲಿಯುತ್ತೇನೆ ಎಂದು ಯಜಮಾನರಿಗೆ ಹೇಳಿದರು. ಆ ಸಾಧು ಮನುಷ್ಯ ಮೊದಲು ನಕ್ಕು, ಆಮೇಲೆ ಕಾರಿನ ಕೀಲಿ ತೆಗೆದುಕೊಂಡರಂತೆ.

ಬೇಟೆಯ ಪರವಾನಗಿಗೆ ಮೊದಲು ಸುರಕ್ಷತೆಯ ತರಗತಿ ಮುಗಿಸಬೇಕು. ಹಲ್ಲಿಗೆ ತಂತಿ ಹಾಕಿಸಿಕೊಂಡ ಶಾಲಾಮಕ್ಕಳ ನಡುವೆ ಮೈಸೂರಿನ ಈ ಹೆಂಗಸು ದುಪಟ್ಟಾ ಹೊದ್ದು ಕೂತು, ಪೂರ್ತಿ ಅಂಕ ತೆಗೆದುಕೊಂಡು ಬಂದರು. ಆಫೀಸಿನಲ್ಲಿ ಲಾಡು ಹಂಚಿದರು. ಯಾಕೆಂದು ಮಾತ್ರ ಎಲ್ಲರಿಗೂ ಹೇಳಲಿಲ್ಲ.

ಮೊದಲು ಕೊಂಡದ್ದು ಟೂ ಟ್ವೆಂಟಿತ್ರೀ ಎಂಬ ಅಳತೆಯ ತೋಟಾದ ಕೋವಿ. ಸಣ್ಣ ಗುಂಡು, ಭುಜಕ್ಕೆ ಒದೆತ ಇಲ್ಲವೆನ್ನುವಷ್ಟು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಗುಡ್ಡದ ಕಾಯೋಟಿಗಳು ಎಚ್ಚರದವು. ಕೊಟ್ಟಿಗೆಯ ಹತ್ತಿರ ಬಾರದೆ, ಕಣಿವೆಯಾಚೆಯ ಇಳಿಜಾರಿನಲ್ಲಿ ನಾನೂರು ಗಜ ದೂರದಲ್ಲಿ ನಿಂತು ನೋಡುತ್ತಿದ್ದವು. ಅಷ್ಟು ದೂರಕ್ಕೆ ಆ ಹಗುರ ಗುಂಡನ್ನು ಗಾಳಿ ತಳ್ಳಿಬಿಡುತ್ತದೆ. ಮುಟ್ಟಿದರೂ ಕೊಲ್ಲುವಷ್ಟು ಕಸುವು ಉಳಿದಿರುವುದಿಲ್ಲ. ಗಾಯಗೊಂಡ ಪ್ರಾಣಿ ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳುವುದನ್ನು ನೆನೆಸಿಕೊಂಡರೆ ಆಪಾಗೆ ಊಟ ಸೇರುತ್ತಿರಲಿಲ್ಲ. "ಗುಂಡು ಎಷ್ಟು ದೂರ ಹೋಗುತ್ತೆ ಅನ್ನೋದಲ್ಲ ಕಣೇ. ಅಲ್ಲಿಗ್ ಹೋಗಿ, ಒಂದೇ ಏಟಿಗೆ ಮುಗಿಸುತ್ತಾ ಅನ್ನೋದು" ಅನ್ನುತ್ತಿದ್ದರು.

ಹಾಗೆ ಶುರುವಾಯಿತು ಹೊಸ ತೋಟಾದ ಆಯ್ಕೆ; ತೋಟಾ ಬದಲಾದರೆ ಕೋವಿಯೂ ಬದಲಾಗಬೇಕು. ಟ್ವೆಂಟಿಟೂ ಟೂಫಿಫ್ಟಿ ಎಂಬುದು ಬಾಣದಂತೆ ನೇರ ಹೋಗುತ್ತದೆ, ವೇಗ ವಿಪರೀತ. ಆದರೆ ಗುಂಡು ಹಗುರ, ನಳಿಗೆ ಬೇಗ ಸವೆಯುತ್ತದೆ. ಟೂ ಫಾರ್ಟಿತ್ರೀ ಸ್ವಲ್ಪ ಭಾರ, ಗಾಳಿಗೆ ಅಷ್ಟು ಬಗ್ಗುವುದಿಲ್ಲ. ಇನ್ನೊಂದು ಸಿಕ್ಸ್ ಫೈವ್, ಆರೂವರೆ ಮಿಲಿಮೀಟರ್ ದಪ್ಪದ ಗುಂಡಿನದು. ಆಪಾ ಅದನ್ನು ಆರೂವರೆ ಎಂದು ಕರೆದರು. ಉದ್ದನೆಯ ಗುಂಡು, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಕಾಯೋಟಿಗೆ ಅಷ್ಟು ದೊಡ್ಡದು ಬೇಕಿಲ್ಲ ಎಂದು ಕೆಲವರು, ದೂರಕ್ಕೆ ಅದೇ ಸರಿ ಎಂದು ಕೆಲವರು. ಅಂಗಡಿಯವನು ಎಲ್ಲವನ್ನೂ ಯಜಮಾನರ ಮುಖ ನೋಡಿ ವಿವರಿಸುತ್ತಿದ್ದನಂತೆ. ಅವರು ಪ್ರತಿ ಸಲವೂ, ನನ್ನನ್ನಲ್ಲ, ಅವರನ್ನು ಕೇಳಿ ಎಂದು ಹೆಂಡತಿಯ ಕಡೆ ಕೈ ತೋರಿಸಬೇಕಾಗುತ್ತಿತ್ತು. ಆಪಾ ಊಟದ ಹೊತ್ತಿಗೆ ನನ್ನ ಕೈಲಿ ಗಾಳಿಯ ಲೆಕ್ಕ ತಾಳೆ ನೋಡಿಸುತ್ತಿದ್ದರು. ಸಾಯಿಸುವ ಲೆಕ್ಕ ನನಗ್ಯಾಕೆ ಎಂದುಕೊಳ್ಳುತ್ತಲೇ ಮಾಡಿಕೊಡುತ್ತಿದ್ದೆ. ಲೆಕ್ಕ ಎಂಬುದು ಹಾಗೆಯೇ, ಕೂತರೆ ರುಚಿ ಹತ್ತುತ್ತದೆ. ಆಪಾಗೂ ಹತ್ತಿತ್ತು. ಕಾಯೋಟಿಯ ಮಾತು ಬರಬರುತ್ತಾ ಕಡಿಮೆಯಾಗಿ ಗಜ, ಗಾಳಿ, ವೇಗಗಳ ಮಾತೇ ಆಯಿತು. ಕೊನೆಗೆ ಆರೂವರೆಯೇ ಗೆದ್ದಿತು. ಅದರ ಮೇಲೆ ಕೂರಿಸಿ ಗುರಿ ನೋಡಲು ದುರ್ಬೀನಿನಂಥ ಒಳ್ಳೆಯ ಸ್ಕೋಪೂ ಬಂತು. ಶೂಟಿಂಗ್ ರೇಂಜಿನಲ್ಲಿ ನಾನೂರು ಗಜ ದೂರದ ಉಕ್ಕಿನ ಗುರಿತಟ್ಟೆಯನ್ನು ಠಣ್ಣೆನಿಸಿದ ದಿನ ಅವರು ನನಗೆ ಫೋನು ಮಾಡಿದ್ದರು. ಅಷ್ಟು ಎಳೆಯ ದನಿ ನಾನು ಅವರಿಂದ ಕೇಳಿದ್ದು ಅದೊಂದೇ ಸಲ.

ಮರುವರ್ಷ ಮರಿ ಹಾಕುವ ಕಾಲ. ಯಜಮಾನರಿಗೆ ಜ್ವರ. ಒಬ್ಬರೇ ಘಾಟಿ ದಾಟುವುದು ಬೇಡವೆಂದು ನಾನು ಜೊತೆಗೆ ಹೋದೆ. ನೋಡುವ ಕುತೂಹಲವೂ ಇತ್ತು. ಮುದುಕನ ಕೊಟ್ಟಿಗೆಯ ಪಕ್ಕದ ದಿಬ್ಬದ ಮೇಲೆ ಚಾಪೆ ಹಾಸಿ ಆಪಾ ಬೋರಲಾಗಿ ಮಲಗಿದರು. ನಾನು ಹಿಂದೆ ಕೂತು ಫ್ಲಾಸ್ಕಿನ ಚಹಾ ಹಿಡಿದು ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಅಲ್ಲಲ್ಲಿ ಹಿಮ ಉಳಿದಿತ್ತು. ಎದುರು ಗುಡ್ಡದ ಹಿಂದಿನಿಂದ ಸೂರ್ಯ ಮೇಲೆ ಬಂದದ್ದರಿಂದ ಇಳಿಜಾರು ಇನ್ನೂ ನೆರಳು. ಆ ನೆರಳಿನಲ್ಲಿ ಬೇಲಿಯುದ್ದಕ್ಕೂ ಏನೋ ನಡೆದುಕೊಂಡು ಹೋಯಿತು. ಬೂದು ಬಣ್ಣ, ಮೂತಿ ನೆಲಕ್ಕೆ. ಮುದುಕ ಉಸಿರಿನಲ್ಲೇ, ಅದೇ, ಅದೇ ಅಂದ. ಬರಿಗಣ್ಣಿಗೆ ನನಗೆ ಕಂಡದ್ದು ಒಂದು ಚುಕ್ಕೆ. ಆಪಾ ಗಾಳಿ ನೋಡಿದರು, ಸ್ಕೋಪಿನ ತಿರುಪು ತಿರುಗಿಸಿದರು. ಅದು ನಿಂತಿತು. ಅವರು ಹೊಡೆದರು.

ನಿಂತಲ್ಲೇ ಬಿತ್ತು. ಒಂದು ಹೆಜ್ಜೆಯೂ ಇಡಲಿಲ್ಲ. ಮುದುಕ ತೊಡೆ ತಟ್ಟಿಕೊಂಡ. ಆಪಾ ಎದ್ದು ಕನ್ನಡಕ ಒರೆಸಿಕೊಂಡರು. ಮುಖದಲ್ಲಿ ಒಂದು ಸಂಕೋಚದ ಸಂತೋಷ.

ಕಣಿವೆ ಇಳಿದು, ತೊರೆ ದಾಟಿ, ಮತ್ತೆ ಹತ್ತಬೇಕು. ಆಪಾ ಮುಂದೆ, ನಾವಿಬ್ಬರು ಹಿಂದೆ. ಇನ್ನೂ ಸ್ವಲ್ಪ ದೂರವಿರುವಾಗಲೇ ಅವರು ನಿಂತುಬಿಟ್ಟರು. ನಾನು ಏದುಸಿರು ಬಿಡುತ್ತಾ ತಲುಪಿದಾಗ ಹಿಮದ ಮೇಲೆ ಕೂತಿದ್ದರು. ಎದುರಿಗೆ ಬಿದ್ದಿದ್ದದ್ದು ನಾಯಿ. ಬೂದು ಕೂದಲಿನ, ಅಗಲ ತಲೆಯ ಸಾಕುನಾಯಿ. ದಟ್ಟ ಕೂದಲಿನೊಳಗೆ ಕೊರಳಪಟ್ಟಿ ಇತ್ತು.

ಮುದುಕ ಬಗ್ಗಿ ನೋಡಿದ. ಪಕ್ಕದ ಜಮೀನಿನವಳದು ಅಂದ. ಆಮೇಲೆ ಬಹಳ ಮೆಲ್ಲಗೆ, ಬೇರೆಯವರ ಕುರಿಯ ಹತ್ತಿರ ಬಿಟ್ಟ ನಾಯಿ, ಕಾನೂನು ನಮ್ಮ ಕಡೆಗೇ ಇದೆ ಅಂದ. ಆ ಪೊದೆಯ ಹಿಂದೆ ಹೂತುಬಿಡೋಣ, ಕಾಯೋಟಿ ತಿಂದಿತು ಎಂದುಕೊಳ್ಳುತ್ತಾರೆ. ಅವನು ಕೆಟ್ಟವನಲ್ಲ, ಆಪಾಗಾಗಿಯೇ ಹಾಗೆ ಹೇಳಿದ. ಅವನು ಹೇಳುವ ಮೊದಲೇ ನನ್ನ ಕಣ್ಣು ಆ ಪೊದೆಯನ್ನು ಹುಡುಕಿಕೊಂಡಿತ್ತು.

ಆಪಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ನಾನ್ ಇನ್ನೊಂದ್ ಸಲ ನೋಡ್ಲಿಲ್ಲ ಕಣಮ್ಮ. ಗಾಳಿ ನೋಡ್ದೆ. ದೂರ ನೋಡ್ದೆ. ಅದನ್ನ ನೋಡ್ಲಿಲ್ಲ."

ನಾಚಿಕೆ ಎಂದರೆ ಕೆನ್ನೆ ಕೆಂಪಾಗುವುದು, ತಲೆ ತಗ್ಗಿಸುವುದು ಎಂದು ತಿಳಿದಿದ್ದೆ. ಅವತ್ತು ನೋಡಿದ್ದು ಬೇರೆ. ಅವರ ಮುಖದಿಂದ ಬಣ್ಣವೇ ಹೋಗಿ, ಪರಿಚಯವಿಲ್ಲದ ಯಾರೋ ಮುದುಕಿಯಂತೆ ಕಾಣುತ್ತಿದ್ದರು. ಕೈ ಮಾತ್ರ ಕೆಲಸ ಮಾಡುತ್ತಿತ್ತು. ಹೊದ್ದಿದ್ದ ಶಾಲು ಬಿಚ್ಚಿ ನೆಲಕ್ಕೆ ಹಾಸಿದರು. ನಾಯಿಯನ್ನು ಅದರ ಮೇಲಿಟ್ಟು ತಲೆಯ ಕಡೆ ತಾವು ಹಿಡಿದರು, ಕಾಲಿನ ಕಡೆ ನಾನು. ನಾಯಿಯ ಒಡತಿಯ ಮನೆಯ ಕಡೆ ಹೊರಟೆವು. ಮುದುಕ ಬರಲಿಲ್ಲ. ಭಾರ ಬಹಳ ಇತ್ತು. ದಾರಿಯಲ್ಲಿ ಎರಡು ಮೂರು ಕಡೆ ಇಳಿಸಿ, ಕೈ ಉಜ್ಜಿಕೊಂಡು, ಮತ್ತೆ ಎತ್ತಿದೆವು. ಒಮ್ಮೆ ಇಳಿಸಿದಾಗ ನಾನು, ವಾಪಸ್ ಹೋಗಿ ಫೋನ್ ಮಾಡಿ ಹೇಳೋಣ ಆಪಾ ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಬಾಗಿಲು ತೆಗೆದ ಹೆಂಗಸಿಗೆ ನಲವತ್ತು ದಾಟಿರಬಹುದು. ಕೈಯಲ್ಲಿ ಕಾಫಿ ಲೋಟ, ಕಾಲಿಗೆ ದೊಡ್ಡ ಬೂಟು. ಎಲ್ಲೋ ಹೊರಡುವವಳಿದ್ದಳು. ಶಾಲಿನ ಗಂಟನ್ನು ನೋಡಿದಳು, ಅದರ ತುದಿಯಿಂದ ಹೊರಬಿದ್ದ ಬಾಲವನ್ನು ನೋಡಿದಳು. ಆಪಾ ಇಂಗ್ಲಿಷಿನಲ್ಲಿ, ತಡವರಿಸದೆ, ನಿಮ್ಮ ನಾಯಿಯನ್ನು ನಾನು ಕೊಂದೆ ಅಂದರು. ಕಾಯೋಟಿ ಎಂದುಕೊಂಡೆ. ಬಹಳ ದೂರದಿಂದ ಹೊಡೆದೆ. ಸರಿಯಾಗಿ ನೋಡಲಿಲ್ಲ. ತಪ್ಪು ನನ್ನೊಬ್ಬಳದೇ.

ನಾನು ಅವರ ಬೆನ್ನ ಹಿಂದೆ ಸರಿದು ನಿಂತಿದ್ದೆ. ಆ ಹೆಂಗಸು ನನ್ನನ್ನು ನೋಡದಿದ್ದರೆ ಸಾಕು ಎಂಬುದೊಂದೇ ನನ್ನ ಯೋಚನೆ. ಎರಡು ಕಂದು ಮುಖಗಳು, ಒಂದು ಸತ್ತ ನಾಯಿ, ಅವಳ ಅಂಗಳ. ಇಲ್ಲಿಂದ ಓಡಿ ಕಾರಿನೊಳಗೆ ಕೂತುಬಿಡಬೇಕು ಅನ್ನಿಸುತ್ತಿತ್ತು.

ಅವಳು ಕಾಫಿ ಲೋಟವನ್ನು ಹೊಸ್ತಿಲ ಪಕ್ಕ ಇಟ್ಟಳು. ಆಮೇಲೆ ಕೇಳಿದ್ದು ಒಂದೇ: "ನರಳಿತಾ?"

"ಇಲ್ಲ" ಅಂದರು ಆಪಾ. "ಬಿದ್ದದ್ದೂ ಅದಕ್ಕೆ ಗೊತ್ತಾಗಿಲ್ಲ."

ನಿಜವೇ. ತಿಂಗಳುಗಟ್ಟಲೆ ಅಳೆದು ಸುರಿದು ಆರಿಸಿದ ತೋಟಾ ಅಲ್ಲಿ ಮಾಡಬೇಕಾದ್ದನ್ನೇ ಮಾಡಿತ್ತು. ಆ ಮಾತು ಹೇಳಿದ ಮೇಲೆಯೇ ಆಪಾರ ಕಣ್ಣು ಮೊದಲ ಸಲ ನೆಲಕ್ಕಿಳಿದದ್ದು. ತಮ್ಮ ಕೈಚಳಕವನ್ನು ತಾವೇ ಹೊಗಳಿಕೊಂಡಂತೆ ಅವರಿಗೆ ಕೇಳಿಸಿರಬೇಕು.

ಹೋಗಿ ಎಂದಳು ಅವಳು. ನಾವು ತಿರುಗಿ ಅಂಗಳದ ಅರ್ಧ ದಾಟಿದ್ದೆವು. ಹಿಂದಿನಿಂದ ಕರೆದಳು. ಗಂಡ ಊರಲ್ಲಿಲ್ಲ, ನೆಲ ಹೆಪ್ಪುಗಟ್ಟಿದೆ, ತನ್ನೊಬ್ಬಳ ಕೈಲಿ ಅಗೆಯಲಾಗುವುದಿಲ್ಲ ಅಂದಳು. ಕೇಳಬೇಕಾಯಿತಲ್ಲ ಎಂಬ ಸಿಟ್ಟು ದನಿಯಲ್ಲೇ ಇತ್ತು. ಆಪಾ ತೋಳು ಮಡಚಿ ಹಾರೆ ತೆಗೆದುಕೊಂಡರು. ಅವಳು ಸಲಿಕೆ ಹಿಡಿದಳು. ಸೇಬಿನ ಮರದಡಿ ಇಬ್ಬರೂ ಅಗೆದರು. ನನ್ನ ಸರದಿಗೆ ಕೈ ಚಾಚಿದರೆ ಆಪಾ ಕೊಡಲಿಲ್ಲ. ಶಾಲಿನ ಸಮೇತ ಇಳಿಸಿದರು. ಕೊರಳಪಟ್ಟಿಯನ್ನು ಮಾತ್ರ ಅವಳು ಬಿಚ್ಚಿಟ್ಟುಕೊಂಡಳು.

ವಾಪಸ್ ಬರುವಾಗ ಘಾಟಿಯಲ್ಲಿ ಹಿಮ ಬೀಳುತ್ತಿತ್ತು. ಆಪಾರ ಅಂಗೈ ಬೊಬ್ಬೆ ಬಂದು ಒಡೆದಿದ್ದರಿಂದ ನಾನೇ ಡ್ರೈವ್ ಮಾಡಿದೆ. ಏನಾದರೂ ಹೇಳಬೇಕಲ್ಲ ಎಂದು, ಯಾರಿಗಾದರೂ ಆಗಬಹುದಿತ್ತು ಆಪಾ, ಆಕ್ಸಿಡೆಂಟು ಅಂದೆ. ಅವರು ಕಿಟಕಿಯಾಚೆ ನೋಡುತ್ತಲೇ, "ಹಂಗನ್ಬೇಡ. ಆಫೀಸಲ್ಲಿ ನೀನು ನೋಡ್ದೆ ಸೈನ್ ಮಾಡಿದ್ರೆ ನಾನ್ ಆಕ್ಸಿಡೆಂಟ್ ಅಂತೀನಾ?" ಅಂದರು.

ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದವರು ಅವರೇ. ಈದ್ ಮುಗಿದ ವಾರ ಬೆಲ್ವ್ಯೂನ ಒಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದೆವು. ಯಾರೋ ತಮಾಷೆಗೆ, ಆಪಾ, ನಿಮ್ಮ ಶಿಕಾರಿ ಕತೆ ಹೇಳಿ ಅಂದರು. ಎಲ್ಲರೂ ತಟ್ಟೆ ಹಿಡಿದು ಸುತ್ತ ಕೂತರು. ಆಪಾ ಆ ಬೆಳಿಗ್ಗೆ ನಡೆದದ್ದನ್ನು ಹೇಳಿದರು. ಪೊದೆಯ ಮಾತು ಬಂದಾಗ ಮುದುಕನ ಹೆಸರೆತ್ತಲಿಲ್ಲ. ಜೊತೆಗೆ ನಾನಿದ್ದೆ ಎಂದೂ ಹೇಳಲಿಲ್ಲ. ಒಬ್ಬರು ಫೋನು ನೋಡತೊಡಗಿದರು. ಮನೆಯೊಡತಿ ಪಾಯಸ ತರಲು ಒಳಗೆ ಹೋದರು. ಕಾರಿನಲ್ಲಿ ಬರುವಾಗ ನನ್ನ ಗಂಡ, ಊಟದ ಹೊತ್ತಿನಲ್ಲಿ ಅದೆಲ್ಲ ಬೇಕಿತ್ತಾ ಅಂದರು. ಬೇಕಿತ್ತು ಎಂದು ನನಗೆ ಹೇಳಲಾಗಲಿಲ್ಲ. ಆಮೇಲೆ ಒಂದಿಬ್ಬರು ಅವರನ್ನು ಕರೆಯುವುದನ್ನು ಬಿಟ್ಟರು. ಆಪಾ ಅದನ್ನು ನ್ಯಾಯ ಎಂಬಂತೆ ತೆಗೆದುಕೊಂಡರು.

ಆರೂವರೆಯನ್ನು ಮಾರಿದರು. ಅಂಗಡಿಯವನು, ಇಷ್ಟು ಚೆನ್ನಾಗಿ ಹೊಂದಿಸಿದ ಕೋವಿಯನ್ನು ಯಾಕೆ ಮಾರುತ್ತೀರಿ ಎಂದು ಕೇಳಿದನಂತೆ, ಈ ಸಲ ನೇರ ಅವರನ್ನೇ. ಅವನಿಗೂ ಹೇಳಿದರು.

ಕೋವಿಯನ್ನೇ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಕುರಿಗಳು ಅಲ್ಲೇ ಇದ್ದವಲ್ಲ. ಮುಂದಿನ ವಸಂತದಲ್ಲಿ ಆ ಹಳೆಯ ಸಣ್ಣ ಟೂ ಟ್ವೆಂಟಿತ್ರೀ ಹಿಡಿದು ಕೊಟ್ಟಿಗೆಯ ಬಾಗಿಲಲ್ಲೇ, ಮರಿಗಳ ಮಧ್ಯೆ ಹುಲ್ಲಿನ ಪಿಂಡಿಗೆ ಒರಗಿ ಕೂರತೊಡಗಿದರು. ಹತ್ತಿರ ಬಂದದ್ದನ್ನು, ಕಿವಿ, ಮೂತಿ, ಬಾಲ ಎಲ್ಲ ಕಂಡ ಮೇಲೆ ಹೊಡೆಯುವುದು; ಕಾಣದಿದ್ದರೆ ಬಿಡುವುದು. ಬಿಟ್ಟದ್ದೇ ಹೆಚ್ಚು. ಮರಿಗಳೂ ಕೆಲವು ಹೋದವು. ಹೋದ ಮರಿಗಳ ಬಗ್ಗೆಯೂ ಅವರಿಗೆ ನಾಚಿಕೆಯೇ. ದೂರದ ತೋಟಾ ಇದ್ದಿದ್ದರೆ ಉಳಿಯುತ್ತಿದ್ದವು ಎಂದು ಮುದುಕ ಗೊಣಗಿದರೆ, ಹೌದು, ಉಳೀತಿದ್ವು ಎಂದು ಒಪ್ಪಿಕೊಳ್ಳುತ್ತಿದ್ದರಂತೆ. ಯಾವ ಕಡೆಯಿಂದಲೂ ಅವರು ತಮ್ಮನ್ನು ತಾವು ಬಚಾವು ಮಾಡಿಕೊಳ್ಳಲಿಲ್ಲ.

ಆಫೀಸಿನಲ್ಲಿ ಒಂದೇ ಒಂದು ಬದಲಾಗಿತ್ತು. "ಇನ್ನೊಂದ್ ಸಲ ನೋಡು" ಅನ್ನುವುದನ್ನು ನಿಲ್ಲಿಸಿದ್ದರು. ಬದಲಿಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಬಾ, ಇಬ್ರೂ ನೋಡಣ" ಅನ್ನುತ್ತಿದ್ದರು. ಹೊಸದಾಗಿ ಸೇರಿದವರಿಗೆ ಮೊದಲಿನ ಮಾತು ಗೊತ್ತೇ ಇಲ್ಲ.

ಕಳೆದ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ಕಾಯಿಲೆ ಗೊತ್ತಾದ ಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಮಣ್ಣು ಮಾಡುವ ದಿನ ಜಿನುಗು ಮಳೆ. ಗಂಡಸರು ಮುಂದೆ, ನಾವು ಹೆಂಗಸರು ಸ್ವಲ್ಪ ಹಿಂದೆ ನಿಂತಿದ್ದೆವು. ನಮಗಿಂತಲೂ ಹಿಂದೆ, ಸ್ಮಶಾನದ ದಾರಿಯಂಚಿಗೆ ಒಬ್ಬ ಹೆಂಗಸು ಒಬ್ಬಳೇ ನಿಂತಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು, ಕಟ್ಟಿ ಅಭ್ಯಾಸವಿಲ್ಲದವರ ಹಾಗೆ. ಆಫೀಸಿನವರಿರಬೇಕು ಎಂದು ಹತ್ತಿರ ಹೋದೆ. ಅವಳೇ ನನ್ನ ಗುರುತು ಹಿಡಿದಳು. ಅವತ್ತು ನನ್ನ ನಾಯಿಯ ಕಾಲಿನ ಕಡೆ ಹಿಡಿದಿದ್ದವಳು ನೀನಲ್ಲವೇ ಎಂದು ಕೇಳಿದಳು.

ಅಂಗಳದಲ್ಲಿ ನಾನು ಅಡಗಿಕೊಂಡಿದ್ದೆ ಎಂದು ತಿಳಿದಿದ್ದೆ. ಅವಳು ಎಲ್ಲ ನೋಡಿದ್ದಳು. ಹೌದೆಂದು ತಲೆಯಾಡಿಸಿದೆ.

ಅವಳು ಹೇಳಿದ್ದು ನನಗೆ ಹೊಸತು. ಆಪಾ ಪ್ರತಿ ವರ್ಷ ಮರಿ ಹಾಕುವ ಕಾಲಕ್ಕೆ ಅವಳ ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದರಂತೆ. ಬೆಲ್ ಒತ್ತುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಸೇಬಿನ ಮರದ ಕಡೆ ನೋಡಿಕೊಂಡು ಕೆಲವು ನಿಮಿಷ ನಿಂತು ಹೋಗುತ್ತಿದ್ದರು. ಇವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಒಂದು ಸಲವೂ ಬಾಗಿಲು ತೆಗೆಯಲಿಲ್ಲ. ಕಾಯಿಲೆಯ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಮುದುಕನೇ ಹೇಳಿದನಂತೆ.

"ಕ್ಷಮಿಸಿದೀನಿ ಅಂತ ಹೇಳಕ್ಕೆ ನಾನು ಬಂದಿಲ್ಲ" ಅಂದಳು. "ನನಗೆ ಇವತ್ತಿಗೂ ನನ್ನ ನಾಯಿ ಬೇಕು. ಆದರೆ ಅವಳು ಇನ್ಮೇಲೆ ಬರಲ್ಲ ಅಂತ ಗೊತ್ತಾಯ್ತು. ಅದಕ್ಕೇ ಬಂದೆ."

ಮಣ್ಣು ಹಾಕುವ ಸದ್ದು ನಿಂತು, ಗಂಡಸರು ಕೈಯೆತ್ತಿ ಪ್ರಾರ್ಥನೆ ಮಾಡುತ್ತಿದ್ದರು. ಅವಳು ಸ್ಕಾರ್ಫಿನ ಗಂಟು ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು. "ಹೇಗಿದ್ದಳು ಅವಳು? ನಾನು ನೋಡಿದ್ದು ಆ ಒಂದು ಬೆಳಿಗ್ಗೆ. ಉಳಿದದ್ದು ಬರೀ ಕಿಟಕಿಯಿಂದ."

ನನ್ನ ಛತ್ರಿಯನ್ನು ಇಬ್ಬರಿಗೂ ಆಗುವಂತೆ ಹಿಡಿದು ಹೇಳತೊಡಗಿದೆ.